ಗೋಡೆಗೆ ಮುಖ ಮಾಡಿದವನು

"ನಿಮ್ಮ ಆರೋಗ್ಯ ಹೇಗಿದೆ ಅಂತ ನಿಮಗನ್ಸುತ್ತೆ?"

ಫಿಲಿಪ್ಪೀನ್ಸ್‌ನ ಇಲೊಯಿಲೊ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೇಳಿದಾಗ ನೆನಿತಾ, "ಪೂರಾ ಕೆಟ್ಟಿದೆ" ಎಂದಳು. ಸಕ್ಕರೆ ಕಾಯಿಲೆ, ಬಿಪಿ, ಅದರ ಮೇಲೆ ಕೀಲುವಾತ... ಬಟ್ಟೆ ಹೊಲಿದು ಬದುಕುವ ಆ ವಿಧವೆಗೆ ಬೆರಳು ಮಡಚಲೂ ಆಗುತ್ತಿರಲಿಲ್ಲ.

ಪಕ್ಕದಲ್ಲಿದ್ದ ದೋಣಿಯವ ಡೆಲ್ಫಿನ್‌ಗೆ ಹೃದಯ, ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಅದೇ ಪ್ರಶ್ನೆಗೆ ಅವನು ನಗುತ್ತಾ, "ಚೆನ್ನಾಗಿದೆ" ಎಂದ.

ನೆನಿತಾಗೆ ಮೈ ಉರಿಯಿತು. "ಕಾಲು ಕುಂಬಳಕಾಯಿ ಹಾಗೆ ಊದಿದೆ ಯಜಮಾನ್ರೇ. ಯಾರಿಗೆ ಟೋಪಿ ಹಾಕ್ತೀರಿ?"

"ಬೆಳಿಗ್ಗೆ ದೋಣಿ ನಡೆಸ್ಕೊಂಡೇ ಬಂದೆ ಕಣಮ್ಮ. ಅದು ಕೈಲಾಗೋವರೆಗೂ ನಾನು ಗಟ್ಟಿ."

ಆ ಜಗಳವೇ ಸ್ನೇಹವಾಯಿತು. ಎದುರು ದಡದಲ್ಲಿದ್ದ ತನ್ನ ಗುಯ್ಮಾರಾಸ್ ದ್ವೀಪದಿಂದ ಜನರನ್ನು ಕರೆತಂದು ಇಳಿಸಿದ ಮೇಲೆ ಅವನು ಅವಳ ಮನೆಗೆ ಬರತೊಡಗಿದ. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ, ಅವಳ ಜೊತೆ ಸಪ್ಪೆ ಗಂಜಿ ಕುಡಿಯುತ್ತಿದ್ದ. ಅವಳ ನೋವಿನ ಮಾತನ್ನು ಮಧ್ಯೆ ತಡೆಯದೆ ಕೇಳಿದವನು ಅವನೊಬ್ಬನೇ.

ಒಂದು ದಿನ ಅವನು ಬರುವುದು ನಿಂತುಹೋಯಿತು.

'ನನ್ನ ನರಳಾಟ ಕೇಳಿ ಸಾಕಾಗಿರಬೇಕು... ರೋಗದ ಮೂಟೆ ಯಾರಿಗೆ ಬೇಕು?'

ಅವಳು ಅತ್ತಳು. ಮಾತ್ರೆ ನುಂಗುವುದನ್ನೂ ಬಿಟ್ಟಳು.

ತಿಂಗಳಾದ ಮೇಲೆ ಇನ್ನೊಬ್ಬ ದೋಣಿಯವ ವಿಷಯ ತಿಳಿಸಿದ. ಡೆಲ್ಫಿನ್‌ಗೆ ಡಯಾಲಿಸಿಸ್ ಶುರುವಾಗಿದೆ, ಇನ್ನು ದೋಣಿ ಮುಟ್ಟುವಂತಿಲ್ಲ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದ.

ನೆನಿತಾ ಆ ದೋಣಿಯವನ ದೋಣಿಯನ್ನೇ ಹತ್ತಿದಳು. ಆಚೆ ದಡದಲ್ಲಿ ಮೊಣಕಾಲು ಮಡಚಲಾಗದೆ ಇಬ್ಬರು ಎತ್ತಿ ಇಳಿಸಬೇಕಾಯಿತು. ದಾರಿಯುದ್ದಕ್ಕೂ ಬೇಲಿ ಹಿಡಿದು ನಡೆದಳು.

ಡೆಲ್ಫಿನ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನ ಅಕ್ಕ ಇಟ್ಟುಹೋದ ಗಂಜಿ ಆರಿಹೋಗಿತ್ತು.

"ಯಾಕೆ ಬಂದೆ ನೆನಿತಾ?" ತಿರುಗಿ ನೋಡದೆಯೇ ಕೇಳಿದ. "ಇಷ್ಟು ದಿನ ನನಗೆ ಕಾಯಿಲೆ ಇದೆ ಅಂತಲೇ ಅನ್ನಿಸಿರಲಿಲ್ಲ. ಈಗ ಕಾಯಿಲೆ ಬಿಟ್ರೆ ನಾನೇ ಇಲ್ಲ. ಹೋಗು."

ಅವಳು ಹೋಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಬೆರಳುಗಳು ನೋಯುತ್ತಿದ್ದವು... ಆದರೂ ತೆಗೆಯಲಿಲ್ಲ.

"ನೀವು ಗಟ್ಟಿ ಅಂತ ನಾನು ಯಾವತ್ತೂ ನಂಬಿರಲಿಲ್ಲ. ಆದ್ರೂ ದಿನಾ ದಾರಿ ಕಾದೆ. ನೀವು ಬೇಕು ನನಗೆ."

ಅವನು ಹೊದಿಕೆ ಎಳೆದುಕೊಂಡ.

"ನಾನು ಹೆಚ್ಚು ದಿನ ಇರಲ್ಲ."

"ಗೊತ್ತು. ಇರೋಷ್ಟು ದಿನ ಈ ಕಡೆ ತಿರುಗಿ ಮಲಕ್ಕೊಳ್ಳಿ."

ತುಂಬ ಹೊತ್ತು ಹಿಡಿಯಿತು. ಕೊನೆಗೆ ಅವಳ ತೋಳು ಹಿಡಿದುಕೊಂಡು, ಅವನು ನಿಧಾನವಾಗಿ ತಿರುಗಿದ.