ಬೆಚ್ಚಗಿದ್ದ ಎಂಜಿನ್

"ಇದು ಬೆಚ್ಚಗಿದೆ..."

ಮಾಳವಿಕಾ ಎಂಜಿನ್ ಮುಚ್ಚಳದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಹಾಸಿಗೆ, ಸಿಂಕು, ಟಾಯ್ಲೆಟ್ ಎಲ್ಲಾ ಒಳಗೇ ಇರುವ ಆ ಹಳೆಯ ಮೋಟರ್‌ಹೋಮಿನ ಎಂಜಿನ್ ಇದ್ದದ್ದು ಮುಂದಿನ ಎರಡು ಸೀಟುಗಳ ನಡುವೆ, ಗಿಡ್ಡ ಪೆಟ್ಟಿಗೆಯಂಥ ಒಂದು ಮುಚ್ಚಳದ ಕೆಳಗೆ. ಹೊರಗೆ ಅಕ್ಟೋಬರ್ ಬೆಳಗಿನ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಮುಚ್ಚಳ ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು.

"ಫೋನಲ್ಲಿ ನಾನು ಕೇಳಿದ್ದು ಒಂದೇ ಒಂದು, ಸ್ವರೂಪ್. ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ."

ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದವನು ತಲೆ ತಗ್ಗಿಸಿದ. "ಹೌದ್ರಿ... ಹೇಳಿದ್ರಿ."

"ಮತ್ತೆ ಯಾಕೆ ಮಾಡಿದ್ರಿ?"

ಸ್ವರೂಪ ತನ್ನ ಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದ.

ಹಳೇ ಗಾಡಿ ಕೊಳ್ಳುವವರು ಮೊದಲು ಕಲಿಯುವ ಪಾಠವೇ ಇದು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಬೇಕು. ಕೆಮ್ಮುತ್ತದೋ, ಹೊಗೆ ಉಗುಳುತ್ತದೋ, ಅಲುಗಾಡದೆ ಕೂರುತ್ತದೋ ಆಗಲೇ ಗೊತ್ತಾಗುವುದು. ಮಾರುವವನು ಮೊದಲೇ ಓಡಿಸಿ ಬೆಚ್ಚಗೆ ಮಾಡಿಟ್ಟಿದ್ದಾನೆ ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ.

ಮಾಳವಿಕಾ ಎಲ್ಕ್ ಗ್ರೋವ್ ವಿಲೇಜಿನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವಳು. ಯಂತ್ರಗಳ ಸಾಲಿನ ನಡುವೆ ನಡೆಯುತ್ತಾ ರೀಡಿಂಗ್ ಬರೆದುಕೊಳ್ಳುವುದು ಅವಳ ದಿನಚರಿ. ಅದೇ ಅಭ್ಯಾಸದಿಂದ ನಲವತ್ತೆರಡು ಅಂಶಗಳ ಪಟ್ಟಿ ಮಾಡಿಕೊಂಡು, ಬೆಳಕು ಹರಿಯುವ ಮೊದಲೇ ಹೊರಟು, ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ಗೆ ಬಂದಿದ್ದಳು. ಎಲ್ಲಾ ಅಪ್ಪನಿಗಾಗಿ.

ಅವಳ ಅಪ್ಪ ಶಂಕರ್ ಆಪರೇಷನ್ ಆದಮೇಲೆ ಮೂತ್ರ ತಡೆಯಲಾರರು. ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರ ಮುಂದೆ ಪಂಚೆ ಒದ್ದೆಯಾದ ದಿನದಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. "ಹೈವೇಲಿ ಮುಂದಿನ ಎಕ್ಸಿಟ್‌ವರೆಗೂ ಕಾಯೋಕಾಗಲ್ಲ ಕಣೇ, ನನ್ನ ಬಿಟ್ಬಿಡು" ಎನ್ನುತ್ತಿದ್ದರು. ಟಾಯ್ಲೆಟ್ ಜೊತೆಗೇ ಬರುವ ಗಾಡಿಯಿದ್ದರೆ ಅಪ್ಪ ಮತ್ತೆ ಆಕಾಶ ನೋಡುತ್ತಾರೆ... ಅವಳಿಗಿದ್ದದ್ದು ಅದೊಂದೇ ಆಸೆ. ಅವಳ ಕೈಗೆಟುಕುವ ಬೆಲೆಯ ಗಾಡಿಯೂ ಇದೊಂದೇ.

ನಲವತ್ತೊಂದು ಅಂಶಗಳು ಎಷ್ಟು ಚೆನ್ನಾಗಿ ಮುಗಿದಿದ್ದವು! ಅವಳು ಛಾವಣಿಯ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡುವ ಮೊದಲೇ ಸ್ವರೂಪ, "ಹಿಂದಿನ ಮೂಲ್ಯಾಗ ನೀರು ಸೋರ್ತಿತ್ತು, ನಾನ ಸರಿ ಮಾಡೇನಿ, ಒತ್ತಿ ನೋಡ್ರಿ" ಎಂದಿದ್ದ. "ಟೈರ್ ನೋಡಾಕ ಛಲೋ ಅದಾವು, ಆದ್ರ ಎಂಟ್ ವರ್ಷದ್ದು. ನಂಬಬ್ಯಾಡ್ರಿ" ಎಂದೂ ಹೇಳಿದ್ದ. ಮಾರಲು ನಿಂತವನು ಹೀಗೂ ಮಾತಾಡುತ್ತಾನೆಯೇ? ಅವಳಿಗಾಗಿ ಸಿಂಕಿನ ಕೆಳಗೆ ಮಲಗಿ ಟಾರ್ಚ್ ಹಿಡಿದವನ ಕೂದಲಲ್ಲಿ ಧೂಳು ಕಂಡಾಗ, 'ಇಂಥವರೂ ಇರ್ತಾರೆ...' ಅಂದುಕೊಂಡಿದ್ದಳು. ಆರು ವರ್ಷಗಳಲ್ಲಿ ಯಾವ ಗಂಡಸಿನ ಬಗ್ಗೆಯೂ ಹಾಗೆ ಅಂದುಕೊಂಡಿರಲಿಲ್ಲ. ಗಂಡನಾಗಿದ್ದವನು ಎರಡು ವರ್ಷ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ನಡೆಸಿದ್ದು ಗೊತ್ತಾದಮೇಲೆ ಅವಳು ರೀಡಿಂಗ್‌ಗಳನ್ನು ಮಾತ್ರ ನಂಬುತ್ತಿದ್ದಳು.

ಸಿಂಕಿನಲ್ಲಿ ಒಂದು ಸ್ಟೀಲ್ ಬಟ್ಟಲು, ಅದರ ಅಂಚಿಗೆ ಗೋಧಿ ರವೆಯ ಸಿಹಿ ಸಜ್ಜಕದ ಅಂಟು... ಅದನ್ನೂ ಅವಳು ನೋಡಿದ್ದಳು. ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕೇಳಲಿಲ್ಲ.

"ಹೇಳಲ್ವಾ? ಬೇಡ ಬಿಡಿ. ಸುಳ್ಳು ಹೇಳೋರ ಮುಖ ಎಷ್ಟು ಸಾಧುವಾಗಿರುತ್ತೆ ಅಂತ ನನಗೆ ಮೊದ್ಲೇ ಗೊತ್ತಿತ್ತು. ಮರೆತಿದ್ದೆ ಅಷ್ಟೇ."

ಅವನ ಮುಖ ಬಿಳಿಚಿಕೊಂಡಿತು. ಅವಳು ತಿರುಗಿ ನೋಡದೆ ಕಾರು ಹತ್ತಿದಳು. ದಾರಿಯ ಆನ್ ಆರ್ಬರ್ ಊರು ದಾಟುವವರೆಗೂ ಕೋಪವಿತ್ತು. ಆಮೇಲೆ ಯಾಕೋ ಅಳು ಬಂತು.

ಮಾರನೆಯ ದಿನ ಬೆಳಗ್ಗೆ ಅವನಿಂದ ಒಂದು ವಿಡಿಯೋ ಬಂತು. ಕೆಳಗೆ ಒಂದು ಸಾಲು: "ನೀವು ಕೇಳಿದಂಗ, ತಣ್ಣಗಿದ್ದಾಗ."

ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಒರಗಿಸಿಟ್ಟಿದ್ದ. ಕೀ ತಿರುಗಿಸಿದ. ಎಂಜಿನ್ ಮೂರು ಸಲ ಕೆಮ್ಮಿ ನಾಲ್ಕನೆಯ ಸಲ ಹಿಡಿದುಕೊಂಡಿತು. ಆಮೇಲೆ ಕೆಮ್ಮಲಿಲ್ಲ, ನಡುಗಲಿಲ್ಲ. ಗಟ್ಟಿ ಎಂಜಿನ್ನು. ವಿಡಿಯೋ ಅಲ್ಲಿಗೆ ನಿಲ್ಲಬೇಕಿತ್ತು. ಅವನು ನಿಲ್ಲಿಸುವುದನ್ನು ಮರೆತಿದ್ದ.

ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕತ್ತಿಗೆ ಮಗುವಿಗೆ ಕಟ್ಟುವ ಹಾಗೆ ಟವೆಲ್ ಕಟ್ಟಿತ್ತು.

"ತಮ್ಮಾ, ಹೊಂಟೀವೇನು?"

"ಹೊಂಟೀವಿ ಅವ್ವಾ. ಗಾಡಿ ಚಾಲೂ ಆತಲ್ಲ."

"ನಿಮ್ಮಪ್ಪ ಎಲ್ಲದಾರ?"

"ಹಿಂದ ಮಲಗ್ಯಾರ. ಎದ್ದಮ್ಯಾಲ ಅವ್ರ ಓಡಸ್ತಾರ." ಅವನ ಕೈ ಚಮಚ ಎತ್ತಿತು. "ಅಲ್ಲೀತನಕ ನೀ ಉಣ್ಣು."

ಮುದುಕಿ ಬಾಯಿ ತೆರೆದಳು. ಒಂದು ಚಮಚ... ಇನ್ನೊಂದು... ಪ್ರತಿ ತುತ್ತಿಗೂ ಅವಳು ಹಿಂದಿನ ಹಾಸಿಗೆಯ ಕಡೆ ತಿರುಗುತ್ತಿದ್ದಳು. ಪ್ರತಿ ಸಲವೂ ಅವನು, "ಮಲಗ್ಯಾರವ್ವಾ" ಎನ್ನುತ್ತಿದ್ದ. ಬಟ್ಟಲು ಖಾಲಿಯಾಗುವವರೆಗೂ ಎಂಜಿನ್ ಓಡುತ್ತಲೇ ಇತ್ತು.

ಮಾಳವಿಕಾ ಫೋನನ್ನು ಎದೆಗೊತ್ತಿಕೊಂಡು ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. 'ಅಯ್ಯೋ... ನಾನು ಏನಂದುಬಿಟ್ಟೆ...'

ಫೋನ್ ಮಾಡಿದಾಗ ಅವನು ಮೆಲ್ಲಗೆ ಎಲ್ಲವನ್ನೂ ಹೇಳಿದ. ತಂದೆ ಗುರುಲಿಂಗಪ್ಪ ರಿಟೈರ್ ಆದಮೇಲೆ ಹೆಂಡತಿ ಕಮಲವ್ವನನ್ನು ಇದೇ ಗಾಡಿಯಲ್ಲಿ ಕೂರಿಸಿಕೊಂಡು ದೇಶವೆಲ್ಲಾ ತಿರುಗಿಸಿದ್ದರು. ಅವರು ತೀರಿಕೊಂಡು ಎರಡು ವರ್ಷ. ಕಮಲವ್ವನ ನೆನಪು ಅಲ್ಲಿಂದ ಸವೆಯುತ್ತಾ ಬಂತು. ಈಗ ಈ ಸೀಟಿನಲ್ಲಿ ಕೂತು, ಎಂಜಿನ್ ಸದ್ದು ಕೇಳಿದರೆ ಮಾತ್ರ ಊಟ.

"ಮತ್ತೆ ಯಾಕೆ ಮಾರ್ತಿದ್ದೀರಿ?"

"ನಮ್ಮ ಬಡಾವಣಿ ಸಂಘದವ್ರು ನೋಟಿಸ್ ಕೊಟ್ಟಾರ್ರಿ. ಮನಿ ಮುಂದಿನ ಡ್ರೈವ್‌ವೇ ಮ್ಯಾಲ ಇಂಥಾ ಗಾಡಿ ನಿಲ್ಲಿಸೂಹಂಗಿಲ್ಲ."

"ನಿನ್ನೆ ಇದನ್ನೆಲ್ಲ ಹೇಳಬಾರದಿತ್ತಾ?"

"ಹೆಂಗ ಹೇಳ್ಲಿ? ಮಂದಿಗೆ ಹೇಳಿದ್ರ ಅವ್ವನ್ನ ಮುದುಕರ ಹೋಮಿಗೆ ಸೇರ್ಸು ಅಂತಾರ. ನಿಮಗ ಹೇಳಿದ್ರ, ಅಳಕೋಂತ ವ್ಯಾಪಾರ ಮಾಡಾಕತ್ಯಾನ ಅಂತಿದ್ರಿ."

ಹೌದು, ಅನ್ನುತ್ತಿದ್ದಳು. ಅದು ಅವಳಿಗೇ ಗೊತ್ತು.

"ಗಾಡಿ ನಾನು ತಗೋತೀನಿ. ಆದ್ರೆ ಈಗ್ಲೇ ಒಯ್ಯಲ್ಲ. ನಿಮ್ಮ ಮನೆ ಹತ್ರ ಬಾಡಿಗೆ ಕೊಟ್ಟು ಗಾಡಿ ಬಿಡೋ ಯಾವುದಾದ್ರೂ ಸ್ಟೋರೇಜ್ ಲಾಟ್‌ನಲ್ಲಿ ನಿಲ್ಲಿಸಿ. ದಿನಾ ಅಮ್ಮನ್ನ ಅಲ್ಲಿಗೇ ಕರ್ಕೊಂಡು ಹೋಗಿ."

ಆ ಕಡೆ ಅವನು ಅಳುತ್ತಿದ್ದಾನೆ ಎಂದು ಅವಳಿಗೆ ಉಸಿರಿನಿಂದ ತಿಳಿಯಿತು.

ಅಪ್ಪನಿಗೆ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡರು. "ನನ್ನ ತಿರುಗಾಟಕ್ಕೇನು ಅವಸರ. ಆ ತಾಯಿ ಊಟ ಮಾಡ್ಲಿ ಮೊದ್ಲು."

ಅಲ್ಲಿಂದ ಎರಡು ಶನಿವಾರಕ್ಕೊಮ್ಮೆ ಅವಳು ಕ್ಯಾಂಟನ್‌ಗೆ ಹೋಗಿಬರತೊಡಗಿದಳು. ಉಳಿದ ದಿನ ಸಂಜೆ ಫೋನು. ಕ್ಯಾಂಟನ್ ಇರುವ ಮಿಷಿಗನ್ನಿನ ಗಡಿಯಾರ ಅವಳ ಊರಿನದಕ್ಕಿಂತ ಒಂದು ಗಂಟೆ ಮುಂದೆ. ಅವಳು ಅಡುಗೆಮನೆಯ ಗಡಿಯಾರವನ್ನೇ ಅವನ ಟೈಮಿಗೆ ತಿರುಗಿಸಿಟ್ಟಳು. ಅಪ್ಪ ನೋಡಿಯೂ ನೋಡದವರಂತೆ ಇದ್ದರು.

ಕಮಲವ್ವ ಪ್ರತಿ ಸಲವೂ ಅವಳನ್ನು ಹೊಸದಾಗಿ ನೋಡಿ, ಯಾರ ಕಡೆಯವಳೆಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನೀ ಯಾರ ಪೈಕಿ ಅವ್ವಾ?"

ಮಾಳವಿಕಾ ಪ್ರತಿ ಸಲವೂ ಹೆಸರು, ಅಪ್ಪನ ಹೆಸರು, ಊರು ಎಲ್ಲಾ ಹೇಳುತ್ತಿದ್ದಳು. ಡಿಸೆಂಬರಿನ ಒಂದು ಶನಿವಾರ ಅವಳು ಬಾಯಿ ತೆರೆಯುವ ಮೊದಲೇ ಕಮಲವ್ವ ಅವಳ ಗಲ್ಲ ಹಿಡಿದಳು. "ಗೊತ್ತಾತು ಬಿಡು. ನೀ ನಮ್ಮ ಸ್ವರೂಪನ ಪೈಕಿ."

ಸ್ವರೂಪ ತಿದ್ದಲಿಲ್ಲ. ಮಾಳವಿಕಾ ಕೂಡ ತಿದ್ದಲಿಲ್ಲ. ಅವನು ಬಟ್ಟಲು ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿದ. ಹಿಂದಿರುಗುವ ದಾರಿಯುದ್ದಕ್ಕೂ ಅವಳು ಒಬ್ಬಳೇ ನಗುತ್ತಿದ್ದಳು.

ಆ ಸುಖ ಆರು ವಾರವೂ ಉಳಿಯಲಿಲ್ಲ.

ಜನವರಿಯ ಕೊನೆಯಲ್ಲಿ ಕಮಲವ್ವ ಊಟ ಬಿಟ್ಟಳು. ಎಂಜಿನ್ ಓಡುತ್ತಿದ್ದರೂ ಬಾಯಿ ತೆರೆಯಲಿಲ್ಲ. ಹತ್ತೇ ದಿನದಲ್ಲಿ ತೀರಿಕೊಂಡಳು. ಅಂತ್ಯಕ್ರಿಯೆಗೆ ಹೋದ ಮಾಳವಿಕಾಳನ್ನು ಸ್ವರೂಪ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಫೋನ್ ಎತ್ತಲಿಲ್ಲ. ಅಡುಗೆಮನೆಯ ಗಡಿಯಾರ ಮಾತ್ರ ಅವನ ಟೈಮನ್ನೇ ತೋರಿಸುತ್ತಿತ್ತು. 'ಅಮ್ಮನಿಗೋಸ್ಕರ ಮಾತ್ರ ನಾನು ಬೇಕಿತ್ತಾ? ಮತ್ತೆ ಮೋಸಹೋದೆನಾ...'

ಫೆಬ್ರವರಿಯ ಕೊನೆಗೆ ಅಂಚೆಯಲ್ಲಿ ಗಾಡಿಯ ಕೀ ಬಂತು. ಜೊತೆಗೆ ಒಂದು ಚೀಟಿ.

"ಕಡೀಗೆ ಊಟ ಬಿಟ್ಟ ದಿನ ಅವ್ವ ನನ್ನ ಕೈ ಹಿಡಿದು ಹೇಳಿದ್ಲು, 'ನಿಮ್ಮಪ್ಪ ಇಲ್ಲಂತ ನನಗ ಗೊತ್ತೈತಿ ತಮ್ಮಾ. ಸಾಕು, ಬಂದ್ ಮಾಡು.' ನೀವು ಮೊದಲನೇ ದಿನಾನ ನನ್ನ ಸರಿಯಾಗಿ ಗುರುತು ಹಿಡಿದಿದ್ರಿ. ನಾ ಸುಳ್ಳ. ಎರಡು ವರ್ಷ ಹೆತ್ತ ತಾಯಿಗೆ ಸುಳ್ಳು ಹೇಳಿ ಉಣಿಸೇನಿ. ಗಾಡಿ ಒಯ್ಯಿರಿ. ನನ್ನ ಮರೀರಿ."

ಮಾಳವಿಕಾ ಆ ಚೀಟಿಯನ್ನು ಎಷ್ಟು ಸಲ ಓದಿದಳೋ. ತಾನು ಅಕ್ಟೋಬರಿನಲ್ಲಿ ಎಸೆದು ಬಂದ ಮಾತು ಅವನೊಳಗೆ ಚಳಿಗಾಲವೆಲ್ಲಾ ಕೂತಿತ್ತು. ಇಷ್ಟು ತಿಂಗಳಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಕ್ಷಮೆ ಕೇಳಿದ್ದಳೇ? ಇಲ್ಲ. ಗಾಡಿ ಕೊಂಡರೆ ಸಾಕೆಂದುಕೊಂಡಿದ್ದಳು.

ಮಾರ್ಚಿನಲ್ಲಿ ಬಸ್ಸಿನಲ್ಲಿ ಹೋಗಿ ಲಾಟಿನಿಂದ ಗಾಡಿ ತಂದಳು. ಅವನು ಬರಲಿಲ್ಲ. ಸಿಂಕಿನಲ್ಲಿ ಆ ಸ್ಟೀಲ್ ಬಟ್ಟಲು ಹಾಗೆಯೇ ಇತ್ತು.

ಬಟ್ಟಲು ಹಿಡಿದುಕೊಂಡು ಕೂತ ಮಗಳನ್ನು ನೋಡಲಾರದೆ ಒಂದು ದಿನ ಅಪ್ಪ ಹೇಳಿದರು, "ಆಡಿದ ಮಾತನ್ನ ಮನೇಲಿ ಕೂತು ವಾಪಸ್ ತಗೊಳ್ಳೋಕಾಗಲ್ಲ ಮಗಳೇ. ಅವನ ಹತ್ರ ಹೋಗೇ ತಗೋಬೇಕು. ನಡಿ, ನಾನೂ ಬರ್ತೀನಿ."

"ನೀವಾ ಅಪ್ಪಾ?"

"ಮತ್ತೆ ಟಾಯ್ಲೆಟ್ ಇರೋ ಗಾಡಿ ಯಾರಿಗೆ ಅಂತ ತಂದಿದ್ದು?"

ಒಂದು ವರ್ಷದ ಮೇಲೆ ಅಪ್ಪ ಹೊಸ್ತಿಲು ದಾಟಿದರು. ಅರ್ಧ ದಾರಿಯ ಕಲಮಜೂ ತಲುಪುವಷ್ಟರಲ್ಲಿ ಮೂರು ಸಲ ಗಾಡಿ ನಿಲ್ಲಿಸಬೇಕಾಯಿತು. ಮೂರನೆಯ ಸಲ ಒಳಗಿನಿಂದ ಹೊರಬಂದವರು ಕಿಟಕಿಯಾಚೆ ಏಪ್ರಿಲ್ ಹೊಲಗಳನ್ನು ನೋಡುತ್ತಾ, "ಎಷ್ಟು ಹಸಿರಾಗಿದೆ ನೋಡೇ" ಎಂದರು.

ಕ್ಯಾಂಟನ್ನಿನ ಡ್ರೈವ್‌ವೇಯಲ್ಲಿ ಗಾಡಿ ನಿಂತ ಸದ್ದಿಗೆ ಸ್ವರೂಪ ಬಾಗಿಲು ತೆರೆದ. ಬಡಕಲಾಗಿದ್ದ. ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ನಿದ್ದೆಯಲ್ಲಿ ನಡೆಯುವವನ ಹಾಗೆ ಬಂದು ಗಾಡಿ ಹತ್ತಿ, ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟ. ಅಪ್ಪ ಹಿಂದೆ ಮಲಗಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು.

"ಬೆಚ್ಚಗೈತಿ..." ಎಂದ.

"ಇನ್ನೂರ ಎಪ್ಪತ್ತು ಮೈಲಿ ಓಡಿಸ್ಕೊಂಡು ಬಂದಿದೀನಿ. ಅವತ್ತು ಯಾಕೆ ಬೆಚ್ಚಗಿದೆ ಅಂತ ನಾನು ಕೇಳಿದ್ದೆ. ಇವತ್ತು ನೀವು ಕೇಳಿ."

"ಯಾಕ?"

"ಆಡಬಾರದ ಮಾತು ಆಡಿದ್ದೆ. ಅದನ್ನ ವಾಪಸ್ ತಗೊಳ್ಳೋಕೆ ಬಂದೆ. ನನ್ನ ಕ್ಷಮಿಸಿ ಸ್ವರೂಪ್."

ಅವನು ತಲೆಯಾಡಿಸಿದ. "ನೀವಂದದ್ದು ಖರೇನ ಐತಿ. ಅವ್ವಗ ಎಲ್ಲಾ ಗೊತ್ತಿತ್ತು..."

"ಗೊತ್ತಿದ್ದೂ ನಿಮ್ಮ ಕೈಯಿಂದ ಊಟ ಮಾಡಿದ್ರಲ್ಲ. ಅದನ್ನ ಯಾಕೆ ಮರೀತೀರಿ? ಅವರು ಗಂಡ ಬರ್ತಾರೆ ಅಂತ ಕೂತಿರಲಿಲ್ಲ. ಮಗ ಪಕ್ಕದಲ್ಲಿ ಕೂತು ತಿನ್ನಿಸ್ತಾನೆ ಅಂತ ಕೂತಿದ್ರು."

ಸ್ವರೂಪ ತಾಯಿಯ ಸೀಟಿನಲ್ಲಿ ಕುಸಿದು ಕೂತ. ಜನವರಿಯಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. ಮಾಳವಿಕಾ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅವಳೂ ಅಳುತ್ತಿದ್ದಳು.

"ಇನ್ನೊಂದು ಕಾರಣಾನೂ ಇದೆ," ಎಂದಳು ಮೆಲ್ಲಗೆ. "ನಾನು ಯಾರ ಪೈಕಿ ಅಂತ ಅಮ್ಮ ಹೇಳಿದ್ರಲ್ಲ... ಅದು ನಿಜ. ನಿಮಗೆ ನಾನು ಬೇಡವಾದ್ರೆ ಈಗ್ಲೇ ಹೇಳಿಬಿಡಿ."

"ದಿನಾ ಸಂಜೀಕೆ ನಿಮ್ಮ ಫೋನ್ ಬಡಿಯೂ ಹೊತ್ತಿಗೆ ನಾ ಅದನ್ನ ಕೈಯಾಗ ಹಿಡಕೊಂಡ ಕುಂತಿರ್ತಿದ್ದೆ. ಎತ್ತೂ ಧೈರ್ಯ ಆಗಲಿಲ್ಲ. ಬ್ಯಾಡ ಅಂತ ಹೆಂಗ ಅನ್ಲಿ..."

ಅವಳು ಎದ್ದುಹೋಗಿ ಡಬ್ಬಿಯಿಂದ ಆ ಸ್ಟೀಲ್ ಬಟ್ಟಲಿಗೆ ಸಜ್ಜಕ ಹಾಕಿ ತಂದಳು. ಬೆಳಗ್ಗೆ ತಾನೇ ಮಾಡಿದ್ದು. ಮೊದಲ ಪ್ರಯತ್ನ, ಸ್ವಲ್ಪ ಗಂಟಾಗಿತ್ತು.

ಸ್ವರೂಪ ಬಟ್ಟಲು ನೋಡಿದ. ಅವಳ ಮುಖ ನೋಡಿದ. ತಾಯಿಯ ಹಾಗೆಯೇ ಕೇಳಿದ.

"ಹೊಂಟೀವೇನು?"

ಮಾಳವಿಕಾ ಚಮಚ ಎತ್ತಿದಳು.

"ಹೊರಡೋಣ. ಮೊದ್ಲು ನೀನು ಊಟ ಮಾಡು."