ಎಕ್ಸಲೇಟರಿನೊಳಗಿನ ಬೋಲ್ಟು

"ಆಕೀನ್ನೇನ ಕೇಳ್ತಿ? ನನ್ನ ಕೇಳು!"

ವೀರಪ್ಪ ಗದರಿದ. ಮೂಡಲಗಿಯ ಆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿನ ಟ್ರೇಲರ್ ಬಡಿಯುತ್ತಿದ್ದ ಸುತ್ತಿಗೆಗಳೂ ಒಂದು ಕ್ಷಣ ನಿಂತವು.

ವೆಲ್ಡರ್ ಮಲ್ಲೇಶ ಕರಿಗನ್ನಡಕ ಹಣೆಗೇರಿಸಿದ. "ಗಾಡಿ ಹೊಡಿಯವ್ರು ನೀವೇನ್ರಿ ಅಣ್ಣಾರ?"

"ಅಲ್ಲ, ನನ್ನ ತಂಗಿ."

"ಹಂಗಾರ ಅವ್ರನ್ನ ಕೇಳ್ತೇನಿ." ಅವನು ಶೈಲಾಳತ್ತ ತಿರುಗಿದ. "ಹೇಳ್ರಿ, ನಿಮಗ ಯಾವ ಕೈಯಾಗ ಬಲ ಜಾಸ್ತಿ?"

ಶೈಲಾ ತಲೆಯೆತ್ತಿ ಅವನನ್ನೇ ನೋಡಿದಳು! ಪೋಲಿಯೋದಿಂದ ಎಡಗಾಲು ಬತ್ತಿದಂದಿನಿಂದ ಡಾಕ್ಟರೂ ಅಣ್ಣನನ್ನೇ ಕೇಳುತ್ತಿದ್ದರು, ಬಸ್ಸಿನ ಕಂಡಕ್ಟರೂ ಅಣ್ಣನನ್ನೇ. ಹೆಣ್ಣು ನೋಡಲು ಬಂದವರಂತೂ ಅವಳೆದುರೇ ಅಣ್ಣನನ್ನು ಕೇಳಿ ಎದ್ದುಹೋಗಿದ್ದರು.

"ಎರಡೂ ಕೈಯಾಗ ಐತ್ರಿ," ಎಂದಳು.

ಕೊಣ್ಣೂರಿನಲ್ಲಿ ಅವಳು ಹೊಲಿಗೆ ಕಲಿಸುವ ಟೀಚರು. ಧುಪದಾಳದ ಮನೆಯಿಂದ ಅಣ್ಣ ಕರೆದೊಯ್ದ ದಿನ ಕೆಲಸ, ಅವನಿಗೆ ಬಿಡುವಿಲ್ಲದ ದಿನ ರಜೆ. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಲ್ಲಿಯವರು ಹೇಳಿಯಾಗಿತ್ತು. ಹಳೆಯ ಸ್ಕೂಟರಿನ ಹಿಂದಿನ ಗಾಲಿಗೆ ಎಡಬಲ ಒಂದೊಂದು ಗಾಲಿ ಹಿಡಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟು... ಅದೊಂದೇ ಅವಳ ದಾರಿ.

ಮೊದಲ ಚೌಕಟ್ಟು ಸೋತಿತು. ಗುಂಡಿಯಲ್ಲಿ ಇಳಿದರೆ ಬಾಜೂಗಾಲಿಗಳು ದಂಡೆ ಹಿಡಿದು ನಿಲ್ಲುತ್ತಿದ್ದವು, ನಡುವಿನ ಗಾಲಿ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು.

"ಟ್ರೇಲರ್ ಕಟ್ಟಿದಂಗ ಕಟ್ಟೀರಿ," ಶೈಲಾ ನಕ್ಕಳು. "ಕಬ್ಬು ಹೇರ್ತೀರೇನು ನನ್ನ ಮ್ಯಾಲ?"

"ಮತ್ತ ಹೆಂಗ ಕಟ್ಲಿ, ಟೀಚರ್ರ?"

"ನೆಲಾ ಸಮ ಇಲ್ಲಂದ್ರ ಹೊಲಿಗಿ ಮಷೀನ್ ಕುಣೀತೈತಿ. ಎರಡೂ ಗಾಲಿ ಬ್ಯಾರೆ ಬ್ಯಾರೆ ಏರಿ ಇಳೀಬೇಕ್ರಿ. ಮೊದ್ಲ ರಟ್ಟು ಕತ್ತರಿಸಿ ನೋಡ್ರಿ, ಆಮ್ಯಾಲ ಪೈಪು."

ಇಬ್ಬರೂ ನೆಲದಲ್ಲಿ ಕೂತು ರಟ್ಟು ಕತ್ತರಿಸಿದರು. ಗಾಲಿಗಳಿಗೆ ಸ್ಪ್ರಿಂಗು ಬಂತು. ಅವನು ಬೆಸೆದ, ಅವಳು ಕೂತು ನೋಡಿದಳು, ಅವನು ಮತ್ತೆ ಕೊಯ್ದ. ಬೆರಳು ಬೆರಳಿಗೆ ತಾಗಿದಾಗ ಇಬ್ಬರೂ ಕಬ್ಬಿಣವನ್ನೇ ನೋಡಿದರು!

ಗಾಡಿ ಧುಪದಾಳಕ್ಕೆ ಬಂತು. ಶೈಲಾ ಒಬ್ಬಳೇ ಕೊಣ್ಣೂರಿಗೆ ಹೋದಳು. ಒಬ್ಬಳೇ...! ಆ ಪದದ ರುಚಿಯೇ ಅವಳಿಗೆ ಹೊಸದು.

ಒಂದು ಮಧ್ಯಾಹ್ನ ಕಾಲುವೆಯ ಏರಿನಲ್ಲಿ, ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ಹಾರ್ನು ಕಿವಿಗಪ್ಪಳಿಸಿತು. ಅಲ್ಲಿವರೆಗೂ ಮೆಲ್ಲಗೇ ಹೊಡೆದಿದ್ದವಳು ಮೊದಲ ಸಲ ಎಕ್ಸಲೇಟರ್ ಜೋರಾಗಿ ತಿರುವಿದಳು. ಅದು ಅರ್ಧಕ್ಕೇ ನಿಂತಿತು! ಮೈಯ ಬಲವೆಲ್ಲ ಹಾಕಿದಳು. ಗಾಡಿ ವೇಗ ಹಿಡಿಯಲಿಲ್ಲ. ಹ್ಯಾಂಡಲ್ ಎಳೆದು ದಂಡೆಗೆ ಬಿದ್ದಳು. ಟ್ರೇಲರಿನ ಗಾಲಿ ಸೆರಗಿನ ಅಂಚು ತುಳಿದು ಹೋಯಿತು.

ಮನೆಗೆ ಬಂದು ಸ್ಕ್ರೂ ಬಿಚ್ಚಿದಳು. ಎಕ್ಸಲೇಟರಿನೊಳಗೆ, ಪೂರಾ ತಿರುಗದಂತೆ ಬೆಸೆದಿಟ್ಟ ಪುಟ್ಟ ಬೋಲ್ಟು.

"ನಾನ ಹಾಕಂದಿದ್ನೆವಾ, ಜ್ವಾಕಿ ಇರ್ಲಿ ಅಂತ," ವೀರಪ್ಪ ತಲೆ ತಗ್ಗಿಸಿದ.

ಹೆಣ್ಣಿನ ಕಾಲಿಗೆ ಊರೆಲ್ಲ ಕಾವಲು. ಕಾಲು ಬತ್ತಿದರೂ ಕಾವಲು ಬತ್ತುವುದಿಲ್ಲ!

ಮರುದಿನ ಶೈಲಾ ಬೋಲ್ಟು ಒಳಗಿದ್ದಂತೆಯೇ ಅದೇ ಗಾಡಿಯಲ್ಲಿ ಮೂಡಲಗಿಗೆ ಹೊರಟಳು. ಸೈಕಲ್ಲುಗಳೂ ಅವಳನ್ನು ದಾಟಿ ಹೋದವು. ನೆತ್ತಿಯ ಬಿಸಿಲಿನಲ್ಲಿ ಅಂಗಡಿ ಮುಂದೆ ನಿಂತಾಗ ತುಟಿ ಒಡೆದಿತ್ತು.

"ನಿಮ್ಮ ಹೆದರಿಕಿ ನೀವ ಇಟ್ಕೋರಿ. ತಗೀರಿ ಅದನ್ನ!"

ಅವಳ ತರಚಿದ ಮೊಣಕೈ ಕಂಡು ಮಲ್ಲೇಶ ಬಿಳಿಚಿದ. "ಬಿದ್ರೇನ್ರಿ...?"

"ಬಿದ್ದೆ. ನಿಮ್ಮ ಬೋಲ್ಟಿನ ಸಲುವಾಗಿ. ಹಿಂದ ಟ್ರ್ಯಾಕ್ಟರ್ ಇತ್ತು, ಮುಂದ ಓಡಾಕ ನೀವು ಬಿಡಲಿಲ್ಲ."

ಅವನು ಎಕ್ಸಲೇಟರ್ ಬಿಚ್ಚಿ ಬೋಲ್ಟು ಕತ್ತರಿಸಿದ.

"ಅಣ್ಣಾರ ಹೇಳಿದ್ರು ಅಂದ್ರ ಸುಳ್ಳಾಕೈತಿ," ಕೊನೆಗೆ ಎಂದ. "ನನಗೂ ಬೇಕಾಗಿತ್ರಿ. ನೀವು ಬಿದ್ದಂಗ ಕನಸು ಬೀಳ್ತಿತ್ತು. ಅದನ್ನ ಪ್ರೀತಿ, ಮಾಯೆ ಅಂದ್ಕೊಂಡೆ... ನಿಮ್ಮ ಕೈಗೆ ಬೇಡಿ ಹಾಕಿದೆ. ತಪ್ಪಾತು."

ಶೈಲಾಳ ಕಣ್ಣು ತುಂಬಿತು. 'ಇವನಾದರೂ ಬೇರೆ ಅಂದುಕೊಂಡಿದ್ದೆನಲ್ಲ...'

"ಮಾಯೆ ಮಾಡೂದಾದ್ರ ಬಲಾ ಕೊಡಬೇಕು. ಕಸ್ಕೊಂಡ್ರ ಅದು ಮಾಯೆ ಅಲ್ರಿ."

"ಖರೆ." ಕೆಲಸಗಾರರೆಲ್ಲ ಕೇಳುತ್ತಿದ್ದರೂ ಅವನು ದನಿ ಇಳಿಸಲಿಲ್ಲ. "ನಿಮ್ಮನ್ನ ಲಗ್ನಾ ಆಗಬೇಕಂತ ಆಸೆ ಐತಿ. ಒಲ್ಲೆ ಅಂದ್ರೂ ಗಾಡಿ ರಿಪೇರಿಗೆ ಇಲ್ಲೇ ಬರ್ರಿ, ಮುಖಾ ತಿರಗಸೂದಿಲ್ಲ."

ಶೈಲಾ ಗಾಡಿ ಹತ್ತಿ ಕೂತಳು. ಹಿಂದೆ ಜಾಗ ಬಿಟ್ಟು ಸೀಟಿನಲ್ಲಿ ತುಸು ಮುಂದೆ ಸರಿದಳು.

"ಕುಂಡ್ರಿ ಹಿಂದ. ಕಾಲುವಿ ಏರಿಗೆ ಹೋಗೂಣು."

ಅವನು ಕೂತ. ಅವಳು ಎಕ್ಸಲೇಟರ್ ಪೂರಾ ತಿರುವಿದಳು. ಗಾಡಿ ಜಿಗಿಯಿತು!

"ಹೆದರಿಕಿ ಬಂತೇನ್ರಿ?"

"ಬಂತ್ರಿ..."

"ನನಗೂ ಬಂದೈತಿ. ಗಟ್ಟಿ ಹಿಡಕೋರಿ ನನ್ನ."