ಆರು ದಿನ ತಣಿಯದ ಕೊಳ

ಅಶ್ವಿನಿ ನೀರಿಗೆ ಕಾಲಿಟ್ಟವಳು ಸರಕ್ಕನೆ ಹಿಂದೆಗೆದಳು.

"ಇವತ್ತೂ ಬಚ್ಚಲ ನೀರಿನಂಗ ಬಿಸಿ ಅದ, ಕಾಕು," ಎಂದಳು ನನಗೆ.

ಮೇ ತಿಂಗಳ ಸಂಭಾಜಿನಗರ. ನಾವು ನಾಶಿಕದಿಂದ ಹಿಂದಿನ ಸಂಜೆಯಷ್ಟೇ ಬಂದಿದ್ದೆವು. ನಮ್ಮ ಯಜಮಾನರು, ಬಿಂದುಮಾಧವ, ಬ್ಯಾಂಕಿನ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಅಶ್ವಿನಿಯ ಮಾವ, ತೀರಿಕೊಂಡ ವೈಜನಾಥರು, ಅವರ ಬೀದರಿನ ಗೆಳೆಯರು.

ಅಶ್ವಿನಿಯ ಗಂಡ ರವಿಕಾಂತ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹಿತ್ತಲ ಈಜುಕೊಳವನ್ನು ತಂಪಾಗಿಡುವ ಉಪಾಯ ಅವನದೇ — ಹಗಲೆಲ್ಲ ಹಸಿರು ಬಲೆಯ ನೆರಳು, ರಾತ್ರಿಯೆಲ್ಲ ಮೋಟಾರಿನ ಕಾರಂಜಿ. ಹಾರಿ ಬೀಳುವ ನೀರು ರಾತ್ರಿಯ ಗಾಳಿಗೆ ತಣಿಯುತ್ತದೆ. ಏಪ್ರಿಲ್ ಪೂರ್ತಿ ತಣಿದಿತ್ತು. ಆರು ದಿನದಿಂದ ಇಲ್ಲ.

"ಇದು ರಾಕೇಶನ ಕೆಲಸ," ಎಂದ ರವಿಕಾಂತ. "ಮೋಟಾರು ಹಚ್ಚದೇ ಮನೀಗೆ ಹೋಗ್ತಾನ. ಮುಂಜಾನೆ ಬಂದು ಹಚ್ಚಿ ನಾಟಕ ಮಾಡ್ತಾನ. ನಾಳಿಂದ ಬ್ಯಾರೆ ಮನಿಷಾನ್ನ ನೋಡ್ತೀನಿ."

ಕೊಳ ನೋಡಿಕೊಳ್ಳುವ ರಾಕೇಶ, ನಲವತ್ತರ ಮನುಷ್ಯ, ಕಸ ತೆಗೆಯುವ ಜಾಳಿಗೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ಒಂದು ತಾಸು ತಡಿ, ರವಿ," ಎಂದರು ನಮ್ಮವರು. ರಾಕೇಶನ ಕಡೆ ತಿರುಗಿದರು. "ನಿನ್ನೆ ಮೋಟಾರು ಹಚ್ಚಿದ್ಯಾ?"

"ಹೌದ್ರಿ ಸಾಹೇಬ್. ಸಂಜೀಕೆ ಏಳಕ್ಕ ಹಚ್ಚಿ ಹೋದೆ."

"ಮುಂಜಾನೆ ಬಂದಾಗ?"

"ಚಾಲೂನೇ ಇತ್ತು."

"ನಡುವ ಯಾರರೆ ಬಂದ್ ಮಾಡಿದ್ರೇನು?"

ಅವನು ಕೊಳದ ಅಂಚಿನ ಬಿಲ್ವದ ಗಿಡ ನೋಡಿದ. "ನನಗ ಗೊತ್ತಿಲ್ರಿ."

ಹಿಂದಿನ ಕಟ್ಟೆಯ ಮೇಲೆ ಕೂತಿದ್ದ ರವಿಕಾಂತನ ತಾಯಿ ಸುಶೀಲಾಬಾಯಿ ಎದ್ದು ಮಜ್ಜಿಗೆ ತಂದರು. ಮೊದಲ ಲೋಟ ರಾಕೇಶನಿಗೆ, ಆಮೇಲೆ ನಮಗೆ. ಆ ಕ್ರಮ ನನಗೆ ಹಿಡಿಸಿತು.

ಗೋಡೆಯಾಚೆ ಪಕ್ಕದ ಮನೆಯ ವಿಭಾ ಬಟ್ಟೆ ಒಣಹಾಕುತ್ತಿದ್ದಳು. ಗಂಡನಿಗೆ ವರ್ಗವಾಗಿ ಧಾರವಾಡದಿಂದ ಬಂದವಳು. ಒಂದು ಟವೆಲ್ಲನ್ನು ಮೂರನೆಯ ಸಲ ಹಿಂಡುತ್ತಿದ್ದಳು.

"ಈ ಕೊಳ ಕಂಡ್ರ ನಿಮಗ ಹೊಟ್ಟೆಕಿಚ್ಚೇನ್ರಿ?" ನಮ್ಮವರು ನೇರವಾಗಿಯೇ ಕೇಳಿದರು.

"ಇಲ್ಲಂದ್ರ ಸುಳ್ಳಾಗ್ತದ್ರಿ. ನಳಕ್ಕ ನೀರು ಬರೂ ದಿನಾ ಎಣಸ್ಕೋತ ಕೂಡೂದು ನಾವು. ಇಲ್ಲಿ ನೋಡಿದ್ರ ಕಾರಂಜಿ. ಆದ್ರ ಈಗ ಆರು ದಿನದಿಂದ ನಿದ್ದಿ ಚಲೋ ಬರ್ಲಿಕತ್ತದ."

"ಯಾಕ?"

"ಹತ್ತಕ್ಕ ಆ ಸಪ್ಪಳ ನಿಲ್ತದ್ರಿ. ಮುಂಜಾನೆ ಐದಕ್ಕ ಮತ್ತ ಚಾಲೂ. ಇವರೆಲ್ಲ ಎಸಿ ಹಚ್ಚಿ ಮಲಗಿರ್ತಾರ, ಇವರಿಗೇನ ಕೇಳ್ತದ?"

ಹತ್ತಕ್ಕೆ, ಐದಕ್ಕೆ — ಆ ಹೊತ್ತಿನಲ್ಲಿ ರಾಕೇಶ ಇಲ್ಲಿ ಇರುವುದೇ ಇಲ್ಲ. ಹಾಗಾದರೆ ಯಾರು? ವಿಭಾ? ಗೋಡೆ ಹಾರಿ ಮೋಟಾರು ನಿಲ್ಲಿಸಿದವಳು ಅದರ ಹೊತ್ತನ್ನೂ ತಾನೇ ಬಾಯಿಬಿಟ್ಟು ಹೇಳುತ್ತಾಳೆಯೇ?

ನಾನು ಸುಮ್ಮನೆ ಕಂಡದ್ದನ್ನು ಹೇಳಿದೆ. "ಮುಂಬಾಗಿಲ ದಾಸವಾಳ ಪೂರಾ ಬಾಡ್ಯಾದ, ನೋಡಿದ್ರೇನು? ವೈಜನಾಥರು ಹಚ್ಚಿದ ಈ ಬಿಲ್ವ ಮಾತ್ರ ಚಿಗತದ. ಯಾರೋ ಪುಣ್ಯಾತ್ಮರು ನೀರು ಹಾಕ್ಲಿಕತ್ತಾರ."

ನಮ್ಮವರು ಲೋಟ ಕೆಳಗಿಟ್ಟರು. ಬಿಲ್ವದ ಬಳಿ ಕುಕ್ಕುರುಗಾಲಲ್ಲಿ ಕೂತರು. ಬುಡ ಒದ್ದೆಯಾಗಿತ್ತು. ಕಲ್ಲಿನ ಮೇಲೆ ವಿಭೂತಿಯ ಬಿಳಿ ಗೆರೆ. ಒಂದು ಕಣಗಿಲೆಯ ಎಸಳು.

"ಅಶ್ವಿನಿ, ಲಿಂಗದ ಅಭಿಷೇಕದ ನೀರು ದಿನಾ ಎಲ್ಲಿ ಹಾಕ್ತೀರಿ?"

"ಮೊದಲಿಂದ ದಾಸವಾಳಕ್ಕರಿ, ಕಾಕಾ. ತುಳಿದಾಟ ಆಗಬಾರ್ದಂತ."

"ಮೊದಲಿಂದ ಹೌದು. ಆದರ ಈ ಆರು ದಿನ ಇಲ್ಲಿ ಬಿದ್ದದ." ಅವರು ಎದ್ದು ನಿಂತರು. "ಈ ಬಿಲ್ವಕ್ಕ ನೀರು ರಾತ್ರಿಪೂರ್ತಿ ಹಾರೂ ಕಾರಂಜಿಯ ಹನಿಯಿಂದ ಬರ್ತಿತ್ತು. ಕಾರಂಜಿ ರಾತ್ರಿ ನಿಲ್ತದ ಅಂತ ನಮಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಮಾತ್ರ ಗಿಡ ಒಣಗ್ತದ ಅನ್ನೋ ಚಿಂತಿ. ಗಂಡ ಹಚ್ಚಿದ ಗಿಡ. ಐದಕ್ಕ ಎದ್ದು ಪೂಜಿ ಮಾಡೂದು ಈ ಮನ್ಯಾಗ ಒಬ್ಬರೇ." ಸುಶೀಲಾಬಾಯಿಯ ಕಡೆ ತಿರುಗಿದರು. "ವೈನಿ, ನೀವೇ ಅಲ್ಲೇನ್ರಿ?"

ಸುಶೀಲಾಬಾಯಿ ಸೆರಗಿನ ಅಂಚು ಮಡಚಿದರು, ಬಿಚ್ಚಿದರು.

"ರವಿ ಕೆಲಸದಿಂದ ಬಂದು ಮೊದಲ ನನ್ನ ಹತ್ರ ಕೂಡ್ತಿದ್ದ. ಈಗ ಚಪ್ಪಲಿ ಸುದ್ದಾ ಕೊಳದ ಹತ್ರ ಬಿಡ್ತಾನ. ಗಂಡಾ ಹೆಂಡ್ತಿ, ನಗು — ಒಳಗ ನನಗೆಲ್ಲ ಕೇಳಸ್ತದ. ರಾತ್ರಿ ನಾನೇ ಮೋಟಾರು ಬಂದ್ ಮಾಡ್ದೆ. ನೀರು ಬಿಸಿ ಆತು, ಯಾರೂ ಇಳೀಲಿಲ್ಲ. ಆರು ಸಂಜಿ ನನ್ನ ಹತ್ರ ಕೂತಾನ." ಅವರು ಸೊಸೆಯನ್ನು ನೋಡಿದರು. "ನಿನ್ನ ಮ್ಯಾಲಲ್ಲವ್ವಾ. ನನ್ನ ಹೊಟ್ಟೆಕಿಚ್ಚು ಆ ನೀರಿನ ಮ್ಯಾಲ."

ಆಮೇಲೆ ರಾಕೇಶನಿಗೆ ಹೇಳಿದರು: "ನಿನ್ನ ಕೆಲಸ ಹೋಗ್ತದಂತ ಇವತ್ತೇ ಕೇಳ್ದೆ. ಹೇಳ್ಬೇಕಂದ್ರ ನಾಲಿಗಿ ಏಳಲಿಲ್ಲಪ್ಪಾ."

ರಾಕೇಶ ಜಾಳಿಗೆಯನ್ನು ಗೋಡೆಗೆ ಆನಿಸಿದ. "ನನಗ ಗೊತ್ತಿತ್ತು, ಆಜಿ. ದಿನಾ ಕೊಳದಾಗ ಪೂಜಿ ಹೂವಿನ ಎಸಳು ಸಿಗ್ತಿತ್ತು."

"ಮತ್ತ್ಯಾಕ ಹೇಳಲಿಲ್ಲ?" ರವಿಕಾಂತನ ದನಿ ಸಣ್ಣದಾಗಿತ್ತು.

"ಮೊದಲ ಲೋಟ ಮಜ್ಜಿಗಿ ನನಗ ಕೊಡ್ತಾರಲ್ರಿ, ಸಾಹೇಬ್."

ಆ ಸಂಜೆ ಏಳಕ್ಕೆ ಮೋಟಾರು ಹಚ್ಚಿದವನು ರಾಕೇಶನೇ. ರವಿಕಾಂತ ತಾಯಿಯ ಬೆತ್ತದ ಕುರ್ಚಿಯನ್ನು ಬಿಲ್ವದ ಪಕ್ಕಕ್ಕೆ ಹೊತ್ತು ತಂದ. ತಾನು ಅದರ ಕಾಲಬಳಿ ನೆಲದ ಮೇಲೆ ಕೂತ. ಕಾರಂಜಿ ಎದ್ದಿತು. ಸುಶೀಲಾಬಾಯಿಯವರ ಕನ್ನಡಕದ ಮೇಲೆ ಹನಿಗಳು ಬಿದ್ದವು, ಅವರು ಒರೆಸಲಿಲ್ಲ.

ಗೋಡೆಯಾಚೆ ವಿಭಾಳ ಕಿಟಕಿ ದಡಕ್ಕನೆ ಮುಚ್ಚಿತು.